ಕೇಳೋಕೆ ಕಿಟಕಿಯೇ ಇಲ್ಲ: ಮಾಡಿಫೈ ಕಾರು ಮತ್ತು ಸೆಕ್ಷನ್ 52ರ ಕತೆ

ಬೆಂಗಳೂರಿನ ಜೆಸಿ ರೋಡಿನಲ್ಲಿ ಕಾರು ನಿಲ್ಲಿಸಿದರೆ ಸಾಕು, ಅಂಗಡಿ ಹುಡುಗರು ಓಡಿ ಬರುತ್ತಾರೆ. ಅಲಾಯ್ ವೀಲ್ ಬೇಕಾ ಸಾರ್, ಎಲ್‌ಇಡಿ ಲೈಟ್ ನೋಡ್ತೀರಾ, ಮುಂದೆ ಗಾರ್ಡ್ ಹಾಕಿಸ್ತೀರಾ? ಎಲ್ಲವೂ ಹಾಡಹಗಲಲ್ಲೇ, ಬಿಲ್ ಕೊಟ್ಟೇ ನಡೆಯುವ ವ್ಯಾಪಾರ. ಹಾಕಿಸಿಕೊಂಡು ಟೌನ್‌ಹಾಲ್ ದಾಟುವಷ್ಟರಲ್ಲಿ ಅದೇ ಮಾಲಿಗೆ ದಂಡ ಬೀಳಬಹುದು. ಬಿದ್ದರೆ ಮಾರಿದವನಿಗಲ್ಲ, ಕಾರಿನ ಮಾಲೀಕನಿಗೆ.

ಕಾರಿನ ಹುಚ್ಚಿರುವವರ ಗೊಣಗಾಟ ಶುರುವಾಗುವುದು ಇಲ್ಲಿಂದ. ಹೊರಗಿನವರಿಗೆ ಇದು ಶೋಕಿ ಹುಡುಗರ ಅಳಲು. ರಾತ್ರಿ ಎರಡು ಗಂಟೆಗೆ ಪಟಪಟ ಅನ್ನುವ ಸೈಲೆನ್ಸರ್ ಸದ್ದಿಗೆ ಎಚ್ಚರವಾದವರಿಗೆ ಇವರ ಮೇಲೆ ಕರುಣೆ ಬರುವುದು ಕಷ್ಟ. ನನಗೂ ಬರುವುದಿಲ್ಲ. ಆದರೆ ಒಳ್ಳೆಯ ಗ್ಯಾರೇಜಿನಲ್ಲಿ, ಒಳ್ಳೆಯ ಬ್ರೇಕು, ಗಟ್ಟಿ ಸಸ್ಪೆನ್ಶನ್ ಹಾಕಿಸಿಕೊಂಡವನ ಕಷ್ಟ ಬೇರೆ. "ಮಾಡಿಸಿದ್ದು ಸರಿಯಿದೆಯಾ, ನೋಡಿ ಹೇಳಿ" ಎಂದು ಅವನು ಯಾರನ್ನು ಕೇಳಬೇಕು? ಅಂಥದ್ದೊಂದು ಕಿಟಕಿ ಒಂದು ಕಾಲದಲ್ಲಿ ಇತ್ತು.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಮೊದಲು ಹೀಗಿತ್ತು. ಆರ್‌ಸಿಯಲ್ಲಿ ಬರೆದ ವಿವರ ತಪ್ಪಾಗುವಂಥ ಬದಲಾವಣೆ ಮಾಡಬೇಕಾದರೆ ಮೊದಲು ಆರ್‌ಟಿಒಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಅವರು 7 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಒಪ್ಪಿಗೆ ಸಿಕ್ಕಿದೆ ಎಂದೇ ಅರ್ಥ! ಸರ್ಕಾರಿ ಕಚೇರಿಯ ಮೌನ ನಮ್ಮ ಪರವಾಗಿ ಕೆಲಸ ಮಾಡುತ್ತಿತ್ತು ಅಂದರೆ ಇವತ್ತು ನಂಬೋಕಾಗಲ್ಲ, ಅಲ್ವಾ? ಚಿಲ್ಲರೆ ಸಾಮಾನುಗಳಿಗೆ ಆ ಕಾಗದವೂ ಬೇಕಿರಲಿಲ್ಲ. ಏನಾದರೂ ಸೇರಿಸಿದ್ದರಿಂದ ಅಥವಾ ತೆಗೆದದ್ದರಿಂದ ಗಾಡಿಯ ತೂಕ ಶೇ. 2ಕ್ಕಿಂತ ಜಾಸ್ತಿ ಬದಲಾಗದಿದ್ದರೆ ಕೇಳುವ ಅಗತ್ಯವಿಲ್ಲ ಎಂದು ಕಾಯ್ದೆಯೇ ಹೇಳುತ್ತಿತ್ತು. ಸಾವಿರ ಕಿಲೋ ಕಾರಿಗೆ 20 ಕಿಲೋ.

2000ದಲ್ಲಿ ಈ ಸೆಕ್ಷನ್ನನ್ನು ಪೂರ್ತಿ ಹೊಸದಾಗಿ ಬರೆದರು. ಆರ್‌ಸಿಯ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಯಾವ ಮಾಲೀಕನೂ ಗಾಡಿಯನ್ನು ಬದಲಿಸುವಂತಿಲ್ಲ ಎಂದಾಯಿತು. ಮೊದಲು ಅಧಿಕಾರಿಯ ಮುಂದಿದ್ದ ಪ್ರಶ್ನೆ "ಈ ಬದಲಾವಣೆ ಒಪ್ಪಬಹುದಾ?" ಎಂಬುದು. ಆಮೇಲಿನ ಪ್ರಶ್ನೆ "ಕಂಪನಿಯಿಂದ ಬಂದ ಹಾಗೇ ಇದೆಯಾ?" ಅಷ್ಟೇ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಕಿಟ್‌ಗಳಿಗೆ ಮಾತ್ರ ದಾರಿ ಬಿಟ್ಟರು. ಬದಲಾವಣೆ ಅಂದರೆ ಏನು ಎಂಬುದಕ್ಕೂ ಒಂದು ವಿವರಣೆ ಸೇರಿಸಿದರು: ಗಾಡಿಯ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬೇರೆಯಾಗುವುದು. ಹಾಗಾದರೆ ಒಂದಿಂಚು ಅಗಲದ ಟಯರು ಮೂಲ ಲಕ್ಷಣವೇ? ಸೀಟು? ಉತ್ತರ ನಿಮ್ಮನ್ನು ತಡೆದು ನಿಲ್ಲಿಸಿದವರ ಮೇಲೆ ನಿಂತಿದೆ.

ಈ ನಿಯಮದ ಹಿಂದೆ ತರ್ಕ ಇಲ್ಲ ಅಂತ ಹೇಳುವ ಹಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮದ ಪ್ರಕಾರ ಪ್ರತಿ ಮಾದರಿಯ ಗಾಡಿಯೂ ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್‌ನಂಥ ಸಂಸ್ಥೆಗಳಲ್ಲಿ ಪರೀಕ್ಷೆ ಪಾಸಾಗಿಯೇ ಮಾರುಕಟ್ಟೆಗೆ ಬರಬೇಕು. ಬ್ರೇಕು, ಹೊಗೆ, ಲೈಟು ಎಲ್ಲವನ್ನೂ ನೋಡುತ್ತಾರೆ. ಅದಾದ ಮೇಲೆ ನೀವು ಏನನ್ನೋ ಬದಲಿಸಿದರೆ ಅದು ಯಾರೂ ಪರೀಕ್ಷಿಸದ ಗಾಡಿ. ಮುಂದೆ ಹಾಕಿಸುವ ಗಾರ್ಡ್, ಅಂದರೆ ಬುಲ್ ಬಾರನ್ನೇ ನೋಡಿ. ಡಿಕ್ಕಿಯಾದಾಗ ಕಾರಿನ ಮೂತಿ ಹಂತಹಂತವಾಗಿ ಮಡಚಿಕೊಂಡು ಪೆಟ್ಟನ್ನು ನುಂಗಬೇಕು. ಚಾಸಿಗೇ ಬೋಲ್ಟ್ ಹಾಕಿದ ಕಬ್ಬಿಣದ ಕಂಬಿ ಆ ಪೆಟ್ಟನ್ನು ನೇರ ಒಳಗೆ ದಾಟಿಸುತ್ತದೆ. ಏರ್‌ಬ್ಯಾಗಿನ ಸೆನ್ಸರ್ ಲೆಕ್ಕವೂ ತಪ್ಪಬಹುದು. ಅಡ್ಡ ಬಂದ ಪಾದಚಾರಿಯ ಗತಿ ಕೇಳುವುದೇ ಬೇಡ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇವುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದದ್ದು ಸರಿಯೇ.

2000ದ ತಿದ್ದುಪಡಿಯ ನಂತರವೂ ವರ್ಷಗಟ್ಟಲೆ ಎಲ್ಲ ಹೇಗೋ ನಡೆಯುತ್ತಿತ್ತು. ಕಾಯ್ದೆ ಮೀರಿ ಗಾಡಿ ಬದಲಿಸಿದರೆ ಇದ್ದ ದಂಡ ಕೆಲವು ನೂರು ರೂಪಾಯಿ ಅಷ್ಟೇ. ಬಿಸಿ ಮುಟ್ಟಿದ್ದು 2019ರಲ್ಲಿ. ಆ ಜನವರಿ 9ರಂದು ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಸುಪ್ರೀಂ ಕೋರ್ಟ್ ಪೀಠ ತೀರ್ಪು ಕೊಟ್ಟಿತು. ಮಾಲೀಕರಿಗೆ ಅನುಕೂಲವಾಗಿದ್ದ ಹೈಕೋರ್ಟ್ ಆದೇಶ ಬಿದ್ದುಹೋಯಿತು. ತಯಾರಕರ ಮೂಲ ವಿವರ ಬದಲಾಗುವಂತಿಲ್ಲ, ರಾಜ್ಯದ ನಿಯಮಗಳು ಕಾಯ್ದೆಯನ್ನು ಮೀರುವಂತಿಲ್ಲ ಎಂಬುದು ತೀರ್ಪಿನ ತಿರುಳು. ಬಣ್ಣದಂಥವನ್ನು ಒಪ್ಪಿಗೆ ಪಡೆದು ಬದಲಿಸಿಕೊಳ್ಳಬಹುದು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು: ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಅದೇ ತಿದ್ದುಪಡಿಯಲ್ಲಿ ಒಂದು ಸಣ್ಣ ಬಾಗಿಲೂ ಇದೆ. ಅಂಗವಿಕಲರು ತಮಗೆ ಬೇಕಾದಂತೆ ಗಾಡಿ ಮಾರ್ಪಡಿಸಿಕೊಂಡು ಆಮೇಲೆ ಒಪ್ಪಿಗೆ ಪಡೆಯಬಹುದು. ಇದು ನಿಜಕ್ಕೂ ಒಳ್ಳೆಯ ಕೆಲಸ. ಉಳಿದ ಬದಲಾವಣೆಗಳಿಗೂ ಮಾನದಂಡ ಬರೆಯುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿದೆ. ಹಾಗೆ ಒಪ್ಪಿದ ಬದಲಾವಣೆಗೆ ಕಂಪನಿಯ ವಾರಂಟಿ ರದ್ದಾಗುವುದಿಲ್ಲ ಎಂದೂ ಬರೆದಿದ್ದಾರೆ. ಆದರೆ ಸಿಎನ್‌ಜಿಯಂಥ ಕಿಟ್‌ಗಳನ್ನು ಪರೀಕ್ಷಿಸಿ ಒಪ್ಪುವ ಪದ್ಧತಿ ಇರುವುದು ಕಿಟ್ ತಯಾರಿಸುವ ಕಂಪನಿಗಳಿಗೆ. ಅವರು ಪರೀಕ್ಷೆಯ ಖರ್ಚನ್ನು ಸಾವಿರ ಗಿರಾಕಿಗಳ ಮೇಲೆ ಹಂಚುತ್ತಾರೆ. ಅಪ್ಪನ ಕಾಲದ ಜೀಪಿಗೆ ಬೇರೆ ಎಂಜಿನ್ ಕೂರಿಸಬೇಕೆನ್ನುವ ಒಬ್ಬ ಮನುಷ್ಯ ಎಲ್ಲಿ ಹೋಗಬೇಕು? ನಾನೊಮ್ಮೆ ಒಂದು ಆರ್‌ಟಿಒ ಕಚೇರಿಯಲ್ಲಿ ಡಿಸ್ಕ್ ಬ್ರೇಕ್ ಹಾಕಿಸೋಕೆ ಯಾವ ಫಾರ್ಮ್ ಅಂತ ಕೇಳಿದೆ. "ಸುಮ್ನೆ ಇರೋ ಹಾಗೇ ಓಡಿಸಿ ಸಾರ್, ಯಾಕೆ ತಲೆನೋವು" ಅಂದರು. ಅವರ ತಪ್ಪೇನಿಲ್ಲ. ಫಾರ್ಮ್ ಇದ್ದರೆ ತಾನೇ ಕೊಡೋದು.

ಜರ್ಮನಿಯಲ್ಲಿ ಒಂಟಿ ಗಾಡಿಗೂ ಪರೀಕ್ಷೆ ಇದೆ. ಟ್ಯೂಫ್‌ನಂಥ ಸಂಸ್ಥೆಯ ಎಂಜಿನಿಯರ್ ನೋಡಿ ಒಪ್ಪಿದರೆ ಬದಲಾವಣೆಯನ್ನು ಗಾಡಿಯ ಕಾಗದದಲ್ಲೇ ಬರೆಯುತ್ತಾರೆ. ನ್ಯೂಜಿಲೆಂಡಿನಲ್ಲಿ ಕಾರು ಕ್ಲಬ್ಬುಗಳೇ ಸೇರಿ ಕಟ್ಟಿದ ಸಂಘವಿದೆ. ಅಲ್ಲಿ ಪಾಸಾದ ಗಾಡಿಗೆ ಒಂದು ಪುಟ್ಟ ತಗಡಿನ ಫಲಕ ಹೊಡೆಯುತ್ತಾರೆ. ಅಲ್ಲೂ ಗೊಣಗುವವರಿದ್ದಾರೆ: ಖರ್ಚು ಜಾಸ್ತಿ, ನಿಯಮ ಜಾಸ್ತಿ ಅಂತ. ಅಂಥ ಗೊಣಗಾಟವಾದರೂ ನಮಗೆ ಸಿಗಬಾರದಾ ಅನ್ನಿಸುತ್ತದೆ.

ಸದ್ಯಕ್ಕೆ ನಮ್ಮವರು ಕಂಡುಕೊಂಡ ದಾರಿ ಬೇರೆ. ಕಾರಿನ ಜೊತೆ ಬಂದ ಚಕ್ರ, ಸೈಲೆನ್ಸರ್, ಸ್ಪ್ರಿಂಗುಗಳನ್ನು ಗುಜರಿಗೆ ಹಾಕದೆ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಡುತ್ತಾರೆ. ಹದಿನೈದು ವರ್ಷ ತುಂಬಿ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ಹೋಗಬೇಕಾದಾಗ ಇಳಿಸಿ ಜೋಡಿಸುತ್ತಾರೆ. ಇನ್‌ಸ್ಪೆಕ್ಟರ್ ನೋಡಿ ಸಹಿ ಹಾಕುತ್ತಾರೆ. ಗಾಡಿ ಅಲ್ಲಿಂದ ನೇರ ಗ್ಯಾರೇಜಿಗೆ ಹೋಗುತ್ತದೆ, ಸಂಜೆಯೊಳಗೆ ಗೋಣಿಚೀಲ ಮತ್ತೆ ಅಟ್ಟಕ್ಕೆ.