ಅಪ್ಪಯ್ಯನ ಪರದೆ ಕಾಣಬೇಕಾದಲ್ಲಿ ಖಾಲಿ ಡೆಸ್ಕ್‌ಟಾಪ್ ಬರುವುದೇಕೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿದ್ದೇನೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಲಿನಕ್ಸ್ ಕಂಪ್ಯೂಟರಿನಲ್ಲಿ ಅಡಿಕೆ ಲೆಕ್ಕ ಇಡುತ್ತಾರೆ. ಅವರು ನೋಡುತ್ತಿರುವ ಪರದೆಯನ್ನೇ ನಾನೂ ನೋಡಿ ಹೇಳಿಕೊಡಬೇಕು. ದೂರದಿಂದ ಪರದೆ ತೋರಿಸುವ ವಿಎನ್‌ಸಿ ಸರ್ವರ್ ಹಾಕಿದೆ. ಕನೆಕ್ಟ್ ಆಗುತ್ತದೆ, ಆದರೆ ಬೇರೆಯೇ ಒಂದು ಖಾಲಿ ಡೆಸ್ಕ್‌ಟಾಪ್ ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಸರ್ವರ್ ಕೆಟ್ಟಿಲ್ಲ. ಅದು ನಿಮಗಾಗಿ ಹೊಸ ಡೆಸ್ಕ್‌ಟಾಪ್ ಒಂದನ್ನು ತೆರೆದುಕೊಟ್ಟಿದೆ.

ಲಿನಕ್ಸ್, ಬಿಎಸ್‌ಡಿಯಂಥ ವ್ಯವಸ್ಥೆಗಳಲ್ಲಿ ಬಹುಕಾಲದಿಂದ ಪರದೆ ನೋಡಿಕೊಳ್ಳುತ್ತಿರುವುದು ಎಕ್ಸ್ ವಿಂಡೋ ವ್ಯವಸ್ಥೆ. 1984ರಲ್ಲಿ ಎಂಐಟಿಯಲ್ಲಿ ಶುರುವಾಗಿದ್ದು. ಇದರಲ್ಲಿ ಒಂದೇ ಯಂತ್ರದಲ್ಲಿ ಎಷ್ಟೋ ಡಿಸ್‌ಪ್ಲೇ ಇರಬಹುದು, ಪ್ರತಿಯೊಂದಕ್ಕೂ ಒಂದು ನಂಬರ್. ಅಪ್ಪಯ್ಯನ ಮಾನಿಟರ್ ಸಾಮಾನ್ಯವಾಗಿ 0. ನೀವು ಹಾಕಿದ ಸರ್ವರ್ ಮೆಮೊರಿಯಲ್ಲೇ 1 ಅನ್ನುವ ಹೊಸ ಡಿಸ್‌ಪ್ಲೇ ಮಾಡಿಕೊಳ್ಳುತ್ತದೆ. ವಿಎನ್‌ಸಿಯ ಪೋರ್ಟ್ (ಕನೆಕ್ಷನ್ ಒಳಬರುವ ಬಾಗಿಲಿನ ನಂಬರ್) ಎಂದರೆ 5900ಕ್ಕೆ ಆ ನಂಬರ್ ಕೂಡಿಸಿದ್ದು. ನೀವು 5901ಕ್ಕೆ ಕನೆಕ್ಟ್ ಆಗುತ್ತಿದ್ದರೆ ಕಾರಣ ಬಹುಪಾಲು ಇದೇ.

ಓಡುತ್ತಿರುವ ಪರದೆಯನ್ನೇ ಹಂಚಲು ಎಕ್ಸ್11ವಿಎನ್‌ಸಿ ಎಂಬ ಪ್ರೋಗ್ರಾಂ ಹಾಕಿ. ಟೈಗರ್‌ವಿಎನ್‌ಸಿ ಜೊತೆ ಬರುವ ಎಕ್ಸ್0ವಿಎನ್‌ಸಿಸರ್ವರ್ ಕೂಡ ಅದೇ ಕೆಲಸ ಮಾಡುತ್ತದೆ. ಅಪ್ಪಯ್ಯನ ಲಾಗಿನ್‌ನಲ್ಲೇ ಅದನ್ನು ಓಡಿಸಿ. ಬೇರೆ ಬಳಕೆದಾರರಿಗೆ ಎಕ್ಸ್ ಸುಮ್ನೆ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಎಕ್ಸ್11ವಿಎನ್‌ಸಿಯಲ್ಲಿ ನನಗೆ ತುಂಬಾ ಹಿಡಿಸುವ ಗುಣ ಒಂದಿದೆ: ಬೇರೆ ಹೇಳದಿದ್ದರೆ, ನೀವು ಕನೆಕ್ಷನ್ ಮುಚ್ಚಿದ ಕೂಡಲೇ ಅದೂ ನಿಂತುಹೋಗುತ್ತದೆ. ಸದಾ ತೆರೆದಿಡುವ ‘ಫಾರೆವರ್’ ಆಯ್ಕೆ ನಿಮಗೆ ಬೇಡ. ಸಹಾಯ ಬೇಕಾದಾಗ ಅಪ್ಪಯ್ಯನೇ ಶುರು ಮಾಡಲಿ. ಅದಕ್ಕೊಂದು ಐಕಾನ್ ಮಾಡಿ ಡೆಸ್ಕ್‌ಟಾಪ್ ಮೇಲೆ ಇಟ್ಟುಬಿಡಿ. ಪರದೆ ಅವರದು, ಯಾವಾಗ ತೋರಿಸಬೇಕು ಅನ್ನುವುದೂ ಅವರ ಕೈಯಲ್ಲೇ ಇರಬೇಕು ಅಲ್ವಾ? ‘ವ್ಯೂ ಓನ್ಲಿ’ ಹಾಕಿದರೆ ನಿಮಗೆ ನೋಡಲು ಮಾತ್ರ ಬರುತ್ತದೆ, ಮೌಸ್ ಅವರ ಬಳಿಯೇ ಉಳಿಯುತ್ತದೆ. ಫೋನಿನಲ್ಲಿ “ಅಪ್ಪಯ್ಯ, ಬೆಟ್ಟೆ ಕಾಲಂ ಬಿಟ್ಟು ಪಕ್ಕದ ರಾಶಿ ಕಾಲಂನಲ್ಲಿ ಕ್ಲಿಕ್ ಮಾಡಿ” ಎಂದು ಹೇಳಿಕೊಟ್ಟರೆ ಮುಂದಿನ ಸಲ ಅವರೇ ಮಾಡುತ್ತಾರೆ. ನೀವೇ ಮೌಸ್ ಹಿಡಿದರೆ ಕಲಿಯುವುದು ನಿಂತುಹೋಗುತ್ತದೆ.

ಈಗ ಭದ್ರತೆ. ಹಳೆಯ ವಿಎನ್‌ಸಿ ಪಾಸ್‌ವರ್ಡಿನಲ್ಲಿ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತವೆ. ಪರದೆಯ ಚಿತ್ರವೂ ಗೂಢಲಿಪಿ ಇಲ್ಲದೆ ಹಾಗೇ ಹರಿಯುತ್ತದೆ. ಬ್ಯಾಂಕ್ ಪುಟ ತೆರೆಯುವ ಕಂಪ್ಯೂಟರಿನಲ್ಲಿ ಇದನ್ನು ನೇರವಾಗಿ ಇಂಟರ್ನೆಟ್ಟಿಗೆ ಬಿಡಲೇಬೇಡಿ. ಆ ಕಂಪ್ಯೂಟರಿನ ಒಳಗಿನಿಂದ ಬರುವ ಕನೆಕ್ಷನ್ ಮಾತ್ರ ಒಪ್ಪುವ ‘ಲೋಕಲ್‌ಹೋಸ್ಟ್’ ಆಯ್ಕೆ ಹಾಕಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಸುರಂಗದ ಮೂಲಕವೇ ಹೋಗಿ. ಇನ್ನೊಂದು ತೊಡಕಿದೆ. ಮೊಬೈಲ್ ನೆಟ್‌ನಲ್ಲಿ ಒಂದೇ ಐಪಿ ವಿಳಾಸವನ್ನು ತುಂಬಾ ಜನ ಹಂಚಿಕೊಂಡಿರುತ್ತಾರೆ. ಹಾಗಿದ್ದರೆ ಹೊರಗಿನಿಂದ ಮನೆಯ ಕಂಪ್ಯೂಟರನ್ನು ಮುಟ್ಟಲು ಆಗುವುದಿಲ್ಲ. ಆಗ ಆ ಕಡೆಯಿಂದಲೇ ಎಸ್‌ಎಸ್‌ಎಚ್‌ನ ಹಿಮ್ಮುಖ ಸುರಂಗ ತೆರೆಯಬೇಕು, ನಡುವೆ ಸ್ವಂತ ಐಪಿ ಇರುವ ಸಣ್ಣ ಸರ್ವರ್ ಒಂದು ಬೇಕಾಗುತ್ತದೆ. ಆ ಸರ್ವರ್ ಮೂಲಕವೇ ವೈರ್‌ಗಾರ್ಡ್ ಎಂಬ ವಿಪಿಎನ್ (ಖಾಸಗಿ ಜಾಲ) ಹಾಕಲು ಬಂದರೆ ಅದು ಇನ್ನೂ ಸುಲಭ.

ಮಳೆಗಾಲದಲ್ಲಿ ನೆಟ್ ನಿಧಾನವಾದರೆ ಗಾಬರಿ ಬೇಡ. ವಿಎನ್‌ಸಿ ಪರದೆಯಲ್ಲಿ ಬದಲಾದ ಚೌಕಗಳನ್ನಷ್ಟೇ ಕಳಿಸುತ್ತದೆ. ಒಂದು ಅಂಕಿ ಟೈಪ್ ಮಾಡಿದರೆ ಚಿಕ್ಕ ತುಂಡು, ಇಡೀ ಹಾಳೆ ಸ್ಕ್ರೋಲ್ ಮಾಡಿದರೆ ಹೆಚ್ಚುಕಮ್ಮಿ ಪೂರ್ತಿ ಪರದೆ. ಹಾಗಾಗಿ ಸ್ಕ್ರೋಲ್ ಕಮ್ಮಿ ಮಾಡಲು ಹೇಳಿ. ಹಿನ್ನೆಲೆಯ ಫೋಟೋ ತೆಗೆದು ಒಂದೇ ಬಣ್ಣ ಹಾಕಿ, ನಿಮ್ಮ ಕಡೆ ಚಿತ್ರದ ಗುಣಮಟ್ಟ ಇಳಿಸಿ. ಕೆಲಸ ಬರೀ ಟರ್ಮಿನಲ್‌ನಲ್ಲಿದ್ದರೆ ವಿಎನ್‌ಸಿಯೇ ಬೇಡ, ಟರ್ಮಿನಲ್ ಹಂಚಿಕೊಳ್ಳಲು ಬಿಡುವ ಟಿಮಕ್ಸ್ ಪ್ರೋಗ್ರಾಂನ ಒಂದೇ ಸೆಷನ್‌ಗೆ ಇಬ್ಬರೂ ಸೇರಿಕೊಂಡರೆ ಸಾಕು.

ಇಷ್ಟೆಲ್ಲ ಮಾಡಿಯೂ ಕಪ್ಪು ಪರದೆಯೋ ದೋಷದ ಸಂದೇಶವೋ ಬಂದರೆ ಅಲ್ಲಿರುವುದು ಎಕ್ಸ್ ಅಲ್ಲ, ಅದರ ಬದಲಿಗೆ ಬಂದ ವೇಲ್ಯಾಂಡ್ ಇರಬಹುದು. ಹೊಸ ಉಬುಂಟು, ಫೆಡೋರಾಗಳಲ್ಲಿ ಈಗ ಅದೇ ಜಾಸ್ತಿ. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂ ಇಡೀ ಪರದೆಯನ್ನು ತನ್ನಷ್ಟಕ್ಕೆ ಓದುವಂತಿಲ್ಲ, ಡೆಸ್ಕ್‌ಟಾಪ್‌ನ ಅನುಮತಿ ಬೇಕು. ಅಲ್ಲಿರುವ ಡೆಸ್ಕ್‌ಟಾಪ್ ಗ್ನೋಮ್ ಆದರೆ ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೆರೆಯಿರಿ. 2024ರಲ್ಲಿ ಬಂದ ಗ್ನೋಮ್ 46ರಿಂದ ಅಲ್ಲಿ ಎರಡು ಭಾಗಗಳಿವೆ. ‘ಡೆಸ್ಕ್‌ಟಾಪ್ ಶೇರಿಂಗ್’ ಎಂದರೆ ಅಪ್ಪಯ್ಯ ನೋಡುತ್ತಿರುವ ಪರದೆ. ‘ರಿಮೋಟ್ ಲಾಗಿನ್’ ಎಂದರೆ ಬೇರೆಯೇ ಸೆಷನ್, ಅಂದರೆ ಮತ್ತದೇ ಖಾಲಿ ಡೆಸ್ಕ್‌ಟಾಪ್. ಮೊದಲನೆಯದನ್ನು ಆನ್ ಮಾಡಿ, ರಿಮೋಟ್ ಕಂಟ್ರೋಲ್ ಆಫ್ ಇರಲಿ. ಇದು ವಿಎನ್‌ಸಿ ಬದಲು ಆರ್‌ಡಿಪಿ ಎಂಬ ಇನ್ನೊಂದು ವಿಧಾನ ಬಳಸುತ್ತದೆ, ಹಾಗಾಗಿ ಶಿವಮೊಗ್ಗದಲ್ಲಿ ನಿಮಗೆ ದೂರದ ಪರದೆ ನೋಡುವ ರೆಮ್ಮಿನಾ ಪ್ರೋಗ್ರಾಂ ಸಾಕು. ಪರದೆ ಲಾಕ್ ಆದರೆ ಕನೆಕ್ಷನ್ ಕಡಿದುಹೋಗುತ್ತದೆ. ಅಪ್ಪಯ್ಯ ಅನ್‌ಲಾಕ್ ಮಾಡಿದ ಮೇಲೆ ಮತ್ತೆ ಕನೆಕ್ಟ್ ಆಗಿ.