ಬಿಸಿ ತಡೆಯುವ ವೈರಸ್ಸಲ್ಲ, ಬಿಸಿ ಬೇಡುವ ವೈರಸ್ಸು

ವೈರಸ್ ಬಗ್ಗೆ ಎಲ್ಲಿ ಮಾತಾಡಲು ಹೋದರೂ ಕೊನೆಗೆ ಒಂದು ಕೈ ಮೇಲೇಳುತ್ತದೆ. "ಸಾರ್, 85 ಡಿಗ್ರಿಯಲ್ಲೂ ಸಾಯದ ವೈರಸ್ ಇದೆ ಅಂದ್ರಿ. ಹಾಗಾದ್ರೆ ನಾವು ನೀರು ಕಾಯಿಸಿ ಕುಡಿಯೋದು ದಂಡನಾ?"

ದಂಡವಲ್ಲ. ಒಂದು ನಿಮಿಷ ಕೊತಕೊತ ಕುದಿಸಿಯೇ ಕುಡಿಯಿರಿ. ನಮಗೆ ಕಾಮಾಲೆ, ಭೇದಿ ತರುವ ವೈರಸ್‌ಗಳು ಆ ಬಿಸಿಗೆ ಉಳಿಯುವುದಿಲ್ಲ.

ನಾನು ಹೇಳಿದ್ದು ಇಟಲಿಯ ಕಥೆ. ನೇಪಲ್ಸ್ ಪಕ್ಕದ ಪೊಝುವೊಲಿಯಲ್ಲಿ ನೆಲದಿಂದ ಗಂಧಕದ ಹಬೆ ಏಳುತ್ತಲೇ ಇರುತ್ತದೆ. ಅಲ್ಲಿನ ಆಮ್ಲದ ಬಿಸಿ ಬುಗ್ಗೆಯೊಂದರಲ್ಲಿ ಅಸಿಡಿಯಾನಸ್ ಎಂಬ ಆರ್ಕಿಯ, ಅಂದರೆ ಒಂದೇ ಕೋಶದ ಸೂಕ್ಷ್ಮಜೀವಿ, ಇದೆ. (ಆರ್ಕಿಯ ಬ್ಯಾಕ್ಟೀರಿಯ ಅಲ್ಲ. ಅದನ್ನು ಬಿಡಿಸಲು ಕೂತರೆ ಜಾಗ ಮುಗಿಯುತ್ತದೆ.) ಅದಕ್ಕೆ ತಗಲುವ ವೈರಸ್ಸಿನ ಹೆಸರು ಎಟಿವಿ (ಅಸಿಡಿಯಾನಸ್ ಟೂ-ಟೇಲ್ಡ್ ವೈರಸ್), ಕುಟುಂಬ ಬೈಕಾಡವಿರಿಡೆ. ಅಂದರೆ ಎರಡು ಬಾಲದ ಮನೆತನ.

ಕೋಶದಿಂದ ಹೊರಬಿದ್ದಾಗ ಇದು ಬರೀ ನಿಂಬೆಹಣ್ಣಿನ ಆಕಾರ, ಬಾಲ ಇರುವುದಿಲ್ಲ. ಆಮೇಲೆ ಬಿಸಿನೀರಲ್ಲಿ ತೇಲುತ್ತಲೇ ಎರಡೂ ತುದಿಯಲ್ಲಿ ಬಾಲ ಬೆಳೆಸಿಕೊಳ್ಳುತ್ತದೆ. ಹತ್ತಿರದಲ್ಲಿ ಒಂದೂ ಕೋಶ ಇಲ್ಲದಿದ್ದರೂ! 2005ರಲ್ಲಿ ಇದು ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ವೈರಸ್ ಕೋಶದ ಹೊರಗೆ ಸುಮ್ನೆ ಬಿದ್ದಿರುತ್ತದೆ ಎಂದು ಪಾಠ ಹೇಳುತ್ತಿದ್ದವನು ನಾನು. ಅವತ್ತಿನಿಂದ ಆ ವಾಕ್ಯಕ್ಕೆ "ಸಾಮಾನ್ಯವಾಗಿ" ಅಂತ ಸೇರಿಸಿಕೊಂಡೆ.

ಜನ ತಪ್ಪುವುದು ಮುಂದಿನ ಮಾತಿನಲ್ಲಿ. ಬಾಲ ಬೆಳೆಯಲು ಸುಮಾರು 75 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ತಣ್ಣಗಿದ್ದರೆ ನಿಂಬೆಹಣ್ಣು ನಿಂಬೆಹಣ್ಣಾಗಿಯೇ ಉಳಿಯುತ್ತದೆ. ಬಿಸಿ ತಡೆದುಕೊಳ್ಳುವುದು ಬೇರೆ, ಬಿಸಿ ಇಲ್ಲದೆ ಆಗುವುದೇ ಇಲ್ಲ ಅನ್ನುವುದು ಬೇರೆ. ಇಡ್ಲಿ ಹಿಟ್ಟು ಫ್ರಿಜ್‌ನಲ್ಲಿ ಉಬ್ಬುತ್ತಾ? ಇಲ್ಲ ಅಲ್ವಾ. ನಮ್ಮ 37 ಡಿಗ್ರಿಯ ಮೈ ಇದಕ್ಕೆ ಫ್ರಿಜ್ ಇದ್ದ ಹಾಗೆ. ಮೇಲಾಗಿ ಇದು ಹಿಡಿಯುವುದು ತನ್ನ ಆರ್ಕಿಯವನ್ನು. ನಮ್ಮ ಕೋಶ ಇದಕ್ಕೆ ಮನೆಯೇ ಅಲ್ಲ. ಆರ್ಕಿಯದ ವೈರಸ್ ಮನುಷ್ಯರಿಗೆ ಕಾಯಿಲೆ ತಂದದ್ದು ಈವರೆಗೆ ಕಂಡಿಲ್ಲ. "ಈವರೆಗೆ" ಅನ್ನುವುದು ನಮ್ಮ ಕಸುಬಿನ ಚಾಳಿ, ಹೆದರಬೇಡಿ.

ಹೋದ ಸಲ ಪುತ್ತೂರು ಕಡೆಯ ಹಿರಿಯರೊಬ್ಬರು, "ನಮ್ಮ ಬೆಂದ್ರು ತೀರ್ಥದಲ್ಲೂ ಇದು ಇರಬಹುದಾ?" ಎಂದರು. ಅದೂ ಬಿಸಿನೀರ ಬುಗ್ಗೆಯೇ, ಆದರೆ ಅಲ್ಲಿನ ನೀರು ಮೈಗೆ ಹಿತವಾಗುವಷ್ಟು ಬೆಚ್ಚಗೆ ಅಷ್ಟೇ, ಇದಕ್ಕೆ ಏನೇನೂ ಸಾಲದು ಎಂದೆ. ಭಯ ಹೋಗಿ ನಗುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಸಪ್ಪಗಾಯಿತು. ಊರಿನ ತೀರ್ಥದಲ್ಲಿ ಎರಡು ಬಾಲದ್ದೊಂದು ಇರಲಿ ಎಂಬ ಆಸೆ ಇತ್ತೋ ಏನೋ.