ಕ್ರೂಸರ್ ಬೈಕು, ಹಾಫ್ ಕ್ಲಚ್ಚು, ಸವಾರನ ಕೈ

ಬಜಾಜ್ ಅವೆಂಜರ್ ಕ್ರೂಸ್ 220 ಮತ್ತು ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350, ಈ ಎರಡು ಕ್ರೂಸರ್‌ಗಳ (ತಗ್ಗಾದ, ಉದ್ದನೆಯ ಹೆದ್ದಾರಿ ಬೈಕುಗಳ) ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅವೆಂಜರ್‌ನ ಶಕ್ತಿ 19 ಪಿಎಸ್ (ಅಶ್ವಶಕ್ತಿ), ಮೀಟಿಯೋರ್‌ನದು 20ಕ್ಕಿಂತ ತುಸು ಹೆಚ್ಚು. ತೂಕ ಕ್ರಮವಾಗಿ ಸುಮಾರು 163 ಮತ್ತು 191 ಕೆಜಿ. ಮೇಲೆ 75 ಕೆಜಿಯ ಸವಾರನನ್ನು ಕೂರಿಸಿ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅವೆಂಜರೇ ಕೂದಲೆಳೆಯಷ್ಟು ಮುಂದೆ. ಆದರೂ ಘಾಟಿ ಹತ್ತುವ ಹೊಸಬನಿಗೆ ಮೀಟಿಯೋರ್ ಸಲೀಸಾಗಿ ಎಳೆಯುತ್ತದೆ, ಅವೆಂಜರ್ ಉಸಿರುಗಟ್ಟಿದಂತೆ ಅನಿಸುತ್ತದೆ.

ಇದು ಟಾರ್ಕ್‌ನ, ಅಂದರೆ ಎಂಜಿನ್ನಿನ ತಿರುಗಿಸುವ ಬಲದ ಆಟ. ಮೀಟಿಯೋರ್ ತನ್ನ ಗರಿಷ್ಠ 27 ಎನ್‌ಎಂ ಟಾರ್ಕನ್ನು 4000 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗಲೇ) ಕೊಡುತ್ತದೆ. ಅಂದರೆ ಆ ವೇಗದಲ್ಲಿ ಸುಮಾರು 15 ಪಿಎಸ್ ಕೈಗೆ ಬಂದಿರುತ್ತದೆ. ಅವೆಂಜರ್‌ನ ಗರಿಷ್ಠ ಟಾರ್ಕ್ 17.5 ಎನ್‌ಎಂ, ಅದೂ 7000 ಆರ್‌ಪಿಎಂ ಆಸುಪಾಸಿನಲ್ಲಿ. ಹಾಗಾಗಿ 4000ದಲ್ಲಿ ಅದು ಎಷ್ಟೇ ಹೆಣಗಿದರೂ 10 ಪಿಎಸ್ ದಾಟಲಾರದು. ಪಳಗಿದವನು ತಿರುವಿಗೆ ಮೊದಲೇ ಒಂದು ಗೇರ್ ಇಳಿಸಿ ಎಂಜಿನ್ನನ್ನು ಮೇಲಿನ ಆರ್‌ಪಿಎಂನಲ್ಲಿ ಇಟ್ಟುಕೊಂಡರೆ ಎರಡೂ ಬೈಕು ಹೆಚ್ಚುಕಡಿಮೆ ಜೊತೆಜೊತೆಗೇ ಹತ್ತುತ್ತವೆ. ಕಾಗದದ ಮೇಲೆ ಎಂಜಿನ್ನಿನ ವ್ಯತ್ಯಾಸದಂತೆ ಕಾಣುವುದು ರಸ್ತೆಯಲ್ಲಿ ಎಡಗಾಲಿನ ವ್ಯತ್ಯಾಸ.

ಇಷ್ಟಾದರೂ ಗೇರು ಕಲಿಯುವುದು ಸುಲಭದ ಪಾಠ. ಕ್ರೂಸರ್‌ನ ನಿಜವಾದ ಪರೀಕ್ಷೆ ಇರುವುದು ಅದರ ಮೈಕಟ್ಟಿನಲ್ಲಿ. ಸೀಟು ತಗ್ಗು, ಮುಂದಿನ ಚಕ್ರ ಹಿಡಿದ ಫೋರ್ಕು ಚಾಚಿಕೊಂಡಿದೆ, ಎರಡು ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಉದ್ದ. ಮೀಟಿಯೋರ್‌ನಲ್ಲಿ ಅದು 1400 ಮಿಮೀ, ಸೂಪರ್ ಮೀಟಿಯೋರ್ 650ರಲ್ಲಿ 1500, ಕವಾಸಾಕಿ ವಲ್ಕನ್ ಎಸ್‌ನಲ್ಲಿ 1575, ಹಾರ್ಲೆ ಫ್ಯಾಟ್ ಬಾಯ್ 114ರಲ್ಲಿ 1665. ಈ ಮೈಕಟ್ಟು ಹೆದ್ದಾರಿಯಲ್ಲಿ ಸವಾರನ ಕೊರತೆಯನ್ನು ಮುಚ್ಚಿಡುತ್ತದೆ. ಬೈಕು ತಾನಾಗಿ ನೇರ ಓಡುತ್ತದೆ, ಎರಡೂ ಪಾದ ನೆಲಕ್ಕೆ ಸಿಗುತ್ತವೆ, ನಾನು ಚೆನ್ನಾಗಿ ಓಡಿಸುತ್ತೇನೆ ಎಂಬ ಭರವಸೆ ಬೇಗ ಹುಟ್ಟುತ್ತದೆ.

ಆ ಭರವಸೆ ಮೊದಲು ಮುರಿಯುವುದು ಬ್ರೇಕಿನಲ್ಲಿ. ಗಂಟೆಗೆ 60 ಕಿಮೀ ಎಂದರೆ ಸೆಕೆಂಡಿಗೆ 16.7 ಮೀಟರ್. ಎದುರಿಗೆ ಹಸು ಕಂಡು ಕೈ ಆಡುವಷ್ಟರಲ್ಲಿ ಒಂದು ಸೆಕೆಂಡು ಹೋಯಿತು ಎಂದುಕೊಳ್ಳಿ, ಅಷ್ಟೂ ಮೀಟರ್ ಹೋಯಿತು. ಅಲ್ಲಿಂದ ಮುಂದೆ ಎರಡೂ ಬ್ರೇಕನ್ನು ಸರಿಯಾಗಿ ಬಳಸುವವನು ಒಣ ಡಾಂಬರಿನ ಮೇಲೆ ಪ್ರತಿ ಸೆಕೆಂಡಿಗೆ 8 ಮೀಟರ್‌ನಷ್ಟು ವೇಗ ಇಳಿಸಬಲ್ಲ, ಅವನು ಇನ್ನು 17 ಮೀಟರ್‌ನಲ್ಲಿ ನಿಲ್ಲುತ್ತಾನೆ. ಹಿಂದಿನ ಬ್ರೇಕನ್ನಷ್ಟೇ ತುಳಿಯುವವನಿಗೆ ಅದರರ್ಧ ಸಿಕ್ಕಿದರೆ ಹೆಚ್ಚು, ಅವನಿಗೆ 35 ಮೀಟರ್ ಬೇಕು. ಮೊದಲನೆಯವನು ಪೂರ್ತಿ ನಿಂತ ಜಾಗದಲ್ಲಿ ಎರಡನೆಯವನು ಇನ್ನೂ 42 ಕಿಮೀ ವೇಗದಲ್ಲಿರುತ್ತಾನೆ. ಬೈಕು ಅದೇ, ಟೈರು ಅದೇ. ಕಂಪನಿ ಬದಲಿಸಿ ಇಷ್ಟು ವ್ಯತ್ಯಾಸ ತರಲು ಸಾಧ್ಯವಿಲ್ಲ.

"ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೀತೀಯ" ಎಂಬ ಬುದ್ಧಿಮಾತನ್ನು ಕೇಳದೆ ಬೈಕು ಕಲಿತವರು ನಮ್ಮಲ್ಲಿ ವಿರಳ. ಕ್ರೂಸರ್ ಮಟ್ಟಿಗೆ ಇದು ಲೆಕ್ಕಕ್ಕೆ ನಿಲ್ಲದ ಮಾತು. ಬೈಕು ಮುಂದಕ್ಕೆ ಮಗುಚಬೇಕಾದರೆ ಬ್ರೇಕಿನ ಬಲವು ಗುರುತ್ವದ ಎಷ್ಟು ಪಟ್ಟಿರಬೇಕು ಎಂಬುದು, ಭಾರಕೇಂದ್ರ ಮುಂದಿನ ಚಕ್ರದಿಂದ ಎಷ್ಟು ಹಿಂದಿದೆ ಮತ್ತು ನೆಲದಿಂದ ಎಷ್ಟು ಮೇಲಿದೆ ಎಂಬುದರ ಅನುಪಾತ. ಉದ್ದನೆಯ ಕ್ರೂಸರ್‌ನಲ್ಲಿ ಸ್ಥೂಲವಾಗಿ 88 ಸೆಂಮೀ ಹಿಂದೆ, 50 ಸೆಂಮೀ ಮೇಲೆ ಎಂದಿಟ್ಟುಕೊಂಡರೆ ಉತ್ತರ 1.76. ಟೈರಿನ ಹಿಡಿತ ಒಣ ರಸ್ತೆಯಲ್ಲಿ 1ರ ಆಸುಪಾಸು ಮಾತ್ರ. ಮಗುಚುವ ಬಹಳ ಮೊದಲೇ ಟೈರು ಜಾರುತ್ತದೆ. ಜಾರದಂತೆ ನೋಡಿಕೊಳ್ಳಲು ಎಬಿಎಸ್ ಇದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ ಅದು ಕಡ್ಡಾಯ.

ಹಾಗೆಂದು ಹಿಂದಿನ ಬ್ರೇಕು ವ್ಯರ್ಥವಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಆದರೆ ತಗ್ಗಾದ, ಉದ್ದನೆಯ ಬೈಕಿನಲ್ಲಿ ಈ ವಾಲುವಿಕೆ ಕಡಿಮೆ. ಸ್ಪೋರ್ಟ್ಸ್ ಬೈಕಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರದ ಮೇಲೆ ನೂರಕ್ಕೆ ಹತ್ತು ಹದಿನೈದರಷ್ಟು ಭಾರ ಉಳಿದರೆ, ಕ್ರೂಸರ್‌ನಲ್ಲಿ ಮೂವತ್ತರ ಹತ್ತಿರ ಉಳಿಯುತ್ತದೆ. ಸ್ಪೋರ್ಟ್ಸ್ ಬೈಕಿನಿಂದ ಕ್ರೂಸರ್‌ಗೆ ಬಂದವನು ಹಿಂದಿನ ಬ್ರೇಕನ್ನು ಮರೆತು ಆ ಮೂವತ್ತನ್ನು ಕಳೆದುಕೊಳ್ಳುತ್ತಾನೆ. ಸ್ಕೂಟರಿನಿಂದ ಬಂದವನು ಅದನ್ನೊಂದನ್ನೇ ನಂಬಿ ಉಳಿದ ಎಪ್ಪತ್ತನ್ನು ಬಿಡುತ್ತಾನೆ. ಎಬಿಎಸ್ ಒಂದೇ ಚಾನೆಲ್‌ನದಾಗಿದ್ದರೆ (ಅಂದರೆ ಮುಂದಿನ ಚಕ್ರಕ್ಕೆ ಮಾತ್ರ, ಅವೆಂಜರ್‌ನಲ್ಲಿ ಹಾಗೆಯೇ) ಹಿಂದಿನ ಚಕ್ರ ಲಾಕ್ ಆಗಬಹುದು. ಲಾಕ್ ಆಗಿ ಬೈಕು ಇನ್ನೂ ನೇರದಲ್ಲಿದ್ದರೆ ಪೆಡಲನ್ನು ಮೆಲ್ಲನೆ ಬಿಡಿ. ಹಿಂಭಾಗ ಆಗಲೇ ತುಂಬಾ ಪಕ್ಕಕ್ಕೆ ಸರಿದಿದ್ದರೆ ಬಿಡಬೇಡಿ. ಜಾರುತ್ತಿದ್ದ ಟೈರಿಗೆ ಥಟ್ಟನೆ ಹಿಡಿತ ಸಿಕ್ಕರೆ ಬೈಕು ಸವಾರನನ್ನು ಎತ್ತಿ ಆಚೆ ಕಡೆಗೆ ಒಗೆಯುತ್ತದೆ.

ಅಭ್ಯಾಸಕ್ಕೆ ಬೇಕಾದ್ದು ಖಾಲಿ ಜಾಗ ಮತ್ತು ಒಂದು ಸೀಮೆಸುಣ್ಣ. ಗೆರೆ ಎಳೆಯಿರಿ, 40 ಕಿಮೀ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಶುರುಮಾಡಿ. ಲಿವರನ್ನು ಗಬಕ್ಕನೆ ಹಿಡಿಯುವುದಲ್ಲ. ಮೊದಲು ಮುಂದಿನ ಫೋರ್ಕು ಕುಗ್ಗುವಷ್ಟು ಒತ್ತಿ, ಭಾರ ಟೈರಿನ ಮೇಲೆ ಕೂತ ಮೇಲೆ ನಿಂಬೆಹಣ್ಣು ಹಿಂಡಿದ ಹಾಗೆ ಬಿಗಿ ಮಾಡುತ್ತ ಹೋಗಬೇಕು. ನಿಂತ ಜಾಗಕ್ಕೆ ಅಳತೆ ಹಿಡಿಯಿರಿ: 15 ಮೀಟರ್ ಬಂದರೆ ಅರ್ಧ ಬ್ರೇಕನ್ನು ಬಳಸಿಯೇ ಇಲ್ಲ ಎಂದರ್ಥ. 8 ಮೀಟರ್ ಹತ್ತಿರ ಬರುವವರೆಗೆ 50ಕ್ಕೆ ಏರಬೇಡಿ.

ತಿರುವಿನಲ್ಲಿ ಮಾತ್ರ ಲೆಕ್ಕ ಬೇರೆ. ಇಲ್ಲಿ ಬೈಕಿನ ಮಿತಿ ಮೊದಲು ಬರುತ್ತದೆ, ಕೌಶಲ ಆಮೇಲೆ. ಫ್ಯಾಟ್ ಬಾಯ್ ಎರಡೂ ಬದಿಗೆ ಸುಮಾರು 25.6 ಡಿಗ್ರಿಯಷ್ಟೇ ಬಾಗುತ್ತದೆ, ಅದಕ್ಕಿಂತ ಹೆಚ್ಚು ಬಾಗಿಸಿದರೆ ಫುಟ್‌ಬೋರ್ಡ್ ನೆಲ ಉಜ್ಜುತ್ತದೆ. 20 ಮೀಟರ್ ತ್ರಿಜ್ಯದ ತಿರುವಿಗೆ ಈ ಕೋನ ಒಪ್ಪುವ ವೇಗ ಗಂಟೆಗೆ 35 ಕಿಮೀ. ವಾಸ್ತವದಲ್ಲಿ ಅಷ್ಟೂ ಸಿಗುವುದಿಲ್ಲ. ಹಿಂದೆ 240 ಮಿಮೀ, ಮುಂದೆ 160 ಮಿಮೀ ಅಗಲದ ಟೈರು ಬಾಗಿದಾಗ ನೆಲ ಮುಟ್ಟುವ ಜಾಗ ಒಳಬದಿಗೆ ಸರಿಯುತ್ತದೆ. ಆರೇಳು ಡಿಗ್ರಿ ಅದಕ್ಕೇ ಖರ್ಚಾಗಿ 30 ಕಿಮೀ ಉಳಿಯುತ್ತದೆ. ದಪ್ಪ ಟೈರು ನೋಡಲು ಚೆಂದ, ತಿರುವಿನಲ್ಲಿ ಅದು ಸಾಲ.

ಸವಾರ ಮೈಯನ್ನು ಒಳಬದಿಗೆ ವಾಲಿಸಿ ಈ ಸಾಲವನ್ನು ಸ್ವಲ್ಪ ತೀರಿಸಬಹುದು. 75 ಕೆಜಿಯವನು 15 ಸೆಂಮೀ ಒಳಗೆ ಸರಿದರೆ 317 ಕೆಜಿಯ ಫ್ಯಾಟ್ ಬಾಯ್‌ನಲ್ಲಿ ಮೂರು ಡಿಗ್ರಿ ಗಿಟ್ಟುತ್ತದೆ, ಅವೆಂಜರ್‌ನಲ್ಲಿ ಐದರ ಹತ್ತಿರ. ಬೈಕು ಭಾರವಾದಷ್ಟೂ ಸವಾರನ ಮೈಯ ಬೆಲೆ ಕಡಿಮೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್‌ಗಳಂಥ ಕಡೆ ದೊಡ್ಡ ಕ್ರೂಸರ್ ಓಡಿಸುವವನ ಜಾಣತನವೆಲ್ಲ ತಿರುವು ಶುರುವಾಗುವ ಮೊದಲೇ ಮುಗಿದಿರಬೇಕು: ವೇಗ ಇಳಿಸಿ, ಗೇರ್ ಇಳಿಸಿ, ಹೊರಬದಿಯಿಂದ ಪ್ರವೇಶಿಸಿ, ನೋಟವನ್ನು ತಿರುವಿನ ತುದಿಗೆ ನೆಡುವುದು. ಒಳಗೆ ಹೋದ ಮೇಲೆ ಉಜ್ಜುವ ಸದ್ದು ಕೇಳಿದರೆ ಬೆದರಿ ಬ್ರೇಕ್ ಒತ್ತಬಾರದು, ಬೈಕು ನೆಟ್ಟಗಾಗಿ ಎದುರಿನ ಬಸ್ಸಿನ ದಾರಿಗೆ ಹೋಗುತ್ತದೆ. ಥ್ರಾಟಲ್ಲನ್ನು ಹಾಗೇ ಹಿಡಿದು ಮೈಯನ್ನು ಇನ್ನಷ್ಟು ಒಳಗೆ ವಾಲಿಸಿ. ಫುಟ್‌ಬೋರ್ಡ್ ಮಡಚಿಕೊಳ್ಳುತ್ತದೆ. ಅದಾದ ನಂತರ ನೆಲ ಮುಟ್ಟುವ ಚಾಸಿಯ ಕಬ್ಬಿಣ ಮಡಚುವುದಿಲ್ಲ, ಸನ್ನೆಗೋಲಿನಂತೆ ಚಕ್ರವನ್ನೇ ಎತ್ತಿಬಿಡುತ್ತದೆ.

1981ರಲ್ಲಿ ಅಮೆರಿಕದ ಹ್ಯಾರಿ ಹರ್ಟ್ ಮತ್ತು ಸಂಗಡಿಗರ ವರದಿ ಬಂತು. ಲಾಸ್ ಏಂಜಲೀಸ್ ಸುತ್ತಿನ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಮಾಡಿದ ಅಧ್ಯಯನ ಅದು. ಬಹುತೇಕ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಜಾರಿದ್ದರು, ಮುಂದಿನದನ್ನು ಕಡಿಮೆ ಬಳಸಿದ್ದರು. ಇನ್ನೊಂದು ಅಂಶ ನಮ್ಮ ವಿಷಯಕ್ಕೆ ನೇರ ತಾಗುತ್ತದೆ. ಅವರಲ್ಲಿ ಸವಾರಿಯ ಅನುಭವ ಸರಾಸರಿ ಮೂರು ವರ್ಷದ ಹತ್ತಿರ ಇದ್ದರೂ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿದ್ದ ಆ ಬೈಕಿನ ಅನುಭವ ಐದು ತಿಂಗಳಿಗಿಂತ ಕಡಿಮೆ. ಕಲಿತ ಕೈ ಒಂದು ಬೈಕಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿ ಬರುವುದಿಲ್ಲ.

ಕ್ರೂಸರ್‌ನಲ್ಲಿ ಹೀಗೆ ಬರದೆ ಉಳಿಯುವುದರಲ್ಲಿ ಮುಖ್ಯವಾದದ್ದು ನಿಧಾನಗತಿಯ ಯೂ-ಟರ್ನ್. ಚಾಚಿದ ಫೋರ್ಕಿನ ಹ್ಯಾಂಡಲ್ ಕಡಿಮೆ ವೇಗದಲ್ಲಿ ತಾನಾಗಿ ಒಳಕ್ಕೆ ಬೀಳುತ್ತದೆ, ಹೊಸಬ ಅದನ್ನು ತಡೆಯಲು ಹೋಗಿ ಮುಂದಿನ ಬ್ರೇಕ್ ಹಿಡಿಯುತ್ತಾನೆ, ಹ್ಯಾಂಡಲ್ ತಿರುಗಿದ್ದಾಗ ಹಿಡಿದ ಮುಂದಿನ ಬ್ರೇಕು ಬೈಕನ್ನು ಅಲ್ಲೇ ಮಲಗಿಸುತ್ತದೆ. 241 ಕೆಜಿಯ ಸೂಪರ್ ಮೀಟಿಯೋರ್ ಒಮ್ಮೆ ವಾಲಿತೆಂದರೆ ಕಾಲು ಕೊಟ್ಟು ತಡೆಯುವುದು ಯಾರಿಂದಲೂ ಆಗದ ಮಾತು. ಮಾಡಬೇಕಾದ್ದು ಹೀಗೆ: ಮೊದಲ ಗೇರ್, ಥ್ರಾಟಲ್ ಸ್ವಲ್ಪ ತೆರೆದು ಕದಲಿಸದೆ ಹಿಡಿಯುವುದು, ವೇಗವನ್ನು ಹಾಫ್ ಕ್ಲಚ್ಚಿನಿಂದ (ಕ್ಲಚ್ ಲಿವರನ್ನು ಅರ್ಧ ಮಾತ್ರ ಬಿಟ್ಟು) ಹೆಚ್ಚುಕಡಿಮೆ ಮಾಡುವುದು, ಹಿಂದಿನ ಬ್ರೇಕನ್ನು ಹಗುರವಾಗಿ ತುಳಿದೇ ಇಡುವುದು. ಎಂಜಿನ್ ಮುಂದಕ್ಕೆ ಎಳೆಯುತ್ತಿದೆ, ಬ್ರೇಕು ಹಿಂದಕ್ಕೆ, ಇವೆರಡರ ನಡುವೆ ಬೈಕು ಬಿಗಿದ ಹಗ್ಗದಂತೆ ನಿಲ್ಲುತ್ತದೆ. ಹೆಚ್ಚಿನ ಬೈಕುಗಳ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದರಿಂದ ಕೆಲವು ನಿಮಿಷ ಹೀಗೆ ಜಾರಿಸಿದರೆ ಹಾಳಾಗದು, ಕಾಲು ಗಂಟೆಗೊಮ್ಮೆ ಬಿಡುವು ಕೊಡಿ. ಮೈ ಇಲ್ಲಿ ಹೊರಬದಿಗೆ, ಬೈಕು ಒಳಬದಿಗೆ. ಬೈಕು ಬಾಗಿದಷ್ಟೂ ವೃತ್ತ ಚಿಕ್ಕದಾಗುತ್ತದೆ. ತಲೆಯನ್ನು ಪೂರ್ತಿ ತಿರುಗಿಸಿ ಹೋಗಬೇಕಾದ ಕಡೆ ನೋಡಿ. ನೆಲ ನೋಡಿದವನು ನೆಲಕ್ಕೇ ಹೋಗುತ್ತಾನೆ.

ಒಂದೇ ಕೋನಕ್ಕೆ ಹ್ಯಾಂಡಲ್ ತಿರುಗಿಸಿದರೆ ಫ್ಯಾಟ್ ಬಾಯ್‌ಗೆ ಮೀಟಿಯೋರ್‌ಗಿಂತ ಸುಮಾರು ಐದನೇ ಒಂದು ಭಾಗ ಹೆಚ್ಚು ಜಾಗ ಬೇಕು. ಆರ್‌ಟಿಒ ಅಂಗಳದ '8' ಅಂಕಿಯನ್ನು ನಮ್ಮವರು ಸಾಮಾನ್ಯವಾಗಿ ಪರಿಚಯದವರ ಹಗುರವಾದ ಗೇರ್ ಬೈಕಿನಲ್ಲಿ ಹಾಕಿ ಲೈಸೆನ್ಸ್ ತರುತ್ತಾರೆ, ಅದೇ ಲೈಸೆನ್ಸಿನಲ್ಲಿ ಫ್ಯಾಟ್ ಬಾಯ್ ಕೂಡ ಓಡಿಸಬಹುದು.

ಹಂಪ್‌ಗಳ ಬಗ್ಗೆಯೂ ಒಂದು ಮಾತು. ನಿಯಮದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 17 ಮೀಟರ್ ತ್ರಿಜ್ಯದ ಬಾಗು ಇರಬೇಕು. ಅಂಥದರ ಮೇಲೆ ಫ್ಯಾಟ್ ಬಾಯ್‌ನ ಹೊಟ್ಟೆಯ ಕೆಳಗೆ ನುಗ್ಗುವುದು ಬರೀ 2 ಸೆಂಮೀ. ತೊಂದರೆ ಇರುವುದು ಊರಿನವರು ಎರಡು ಬುಟ್ಟಿ ಜಲ್ಲಿ ಸುರಿದು ಕಟ್ಟಿದ ದಿಣ್ಣೆಯಲ್ಲಿ. ವೀಲ್‌ಬೇಸಿಗಿಂತ ಸಣ್ಣದಾದ ದಿಣ್ಣೆ ತನ್ನ ಪೂರ್ತಿ ಎತ್ತರದೊಂದಿಗೆ ಹೊಟ್ಟೆಗೆ ತಿವಿಯುತ್ತದೆ. ಸೂಪರ್ ಮೀಟಿಯೋರ್‌ಗೆ ಹೊಟ್ಟೆ ಮತ್ತು ನೆಲದ ನಡುವೆ ಇರುವ ಎಡೆ 135 ಮಿಮೀ, ಹಿಂದೆ ಒಬ್ಬರು ಕೂತರೆ ಅದೂ ಕುಗ್ಗುತ್ತದೆ. ಅವರನ್ನು ಇಳಿಸಿ ದಾಟುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಕೊಳ್ಳುವ ಮೊದಲು ಶೋರೂಮಿನಲ್ಲಿ ನೋಡಬೇಕಾದ್ದನ್ನು ಬಹಳ ಜನ ನೋಡುವುದಿಲ್ಲ. ಸೀಟಿನಲ್ಲಿ ಕೂತು, ಸೈಡ್ ಸ್ಟ್ಯಾಂಡ್ ಎತ್ತಿ, ಕಾಲಿನಿಂದಲೇ ಬೈಕನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ. ಆಮೇಲೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ. ಬಲಗೈ ಚಾಚಿ ಭುಜ ಸೀಟಿನಿಂದ ಮುಂದಕ್ಕೆ ಎಳೆದರೆ, ಯೂ-ಟರ್ನ್‌ನ ನಟ್ಟನಡುವೆ ಆ ಕೈ ತನಗೆ ತಿಳಿಯದಂತೆ ಥ್ರಾಟಲ್ ತಿರುಗಿಸುತ್ತದೆ. ಹ್ಯಾಂಡಲನ್ನು ಕ್ಲ್ಯಾಂಪ್ ಸಡಿಲಿಸಿ ತುಸು ಹಿಂದಕ್ಕೆ ಹೊರಳಿಸಲು ಬರುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಮೆಕ್ಯಾನಿಕ್‌ನನ್ನು ಕೇಳಿ.